ಗ್ರಾಫಿಕ್ಸ್ ಕಾರ್ಡ್ ಯಾವುದು ತಗೊಳ್ಳಲಿ? ಆಟದ ಮಧ್ಯೆ ಪಿಸಿ ಬೇರೆ ರೀಸ್ಟಾರ್ಟ್ ಆಗುತ್ತಿದೆ

ಪೊನ್ನಂಪೇಟೆ ಹುಡುಗ:
ಎಲ್ಲರಿಗೂ ನಮಸ್ಕಾರ. ಕೈಯಲ್ಲಿ 25,000 ರೂಪಾಯಿ ಇದೆ, ಗ್ರಾಫಿಕ್ಸ್ ಕಾರ್ಡ್ ಹಾಕಬೇಕು. ಈಗಿರುವುದು ರೈಜನ್ 5 5600ಜಿ ಪ್ರೊಸೆಸರ್, ಎ520 ಮದರ್‌ಬೋರ್ಡ್, 8 ಜಿಬಿ ರ‍್ಯಾಮ್ ಒಂದೇ ಸ್ಟಿಕ್, ಪಿಸಿಗೆ ಕರೆಂಟು ಕೊಡುವ ಡಬ್ಬ ಕ್ಯಾಬಿನೆಟ್ ಜೊತೆ ಬಂದ 450 ವ್ಯಾಟ್ ಎಸ್‌ಎಂಪಿಎಸ್. ಆರ್‌ಎಕ್ಸ್ 6600 ಒಳ್ಳೆಯದಾ, ಆರ್‌ಟಿಎಕ್ಸ್ 3050 ಒಳ್ಳೆಯದಾ? ಅಂಗಡಿಯವರು ಆರ್‌ಎಕ್ಸ್ 6500 ಎಕ್ಸ್‌ಟಿ ಸಾಕು, ದುಡ್ಡು ಉಳಿಯುತ್ತದೆ ಎನ್ನುತ್ತಾರೆ.

ಇನ್ನೊಂದು ಸಣ್ಣ ತೊಂದರೆ. ಹದಿನೈದು ದಿನದಿಂದ ಆಡುವಾಗ ಪಿಸಿ ತಟ್ಟನೆ ರೀಸ್ಟಾರ್ಟ್ ಆಗುತ್ತಿದೆ. ಸಿನಿಮಾ ನೋಡುವಾಗ ಏನೂ ಇಲ್ಲ. ವಿಂಡೋಸ್ ಹೊಸದಾಗಿ ಹಾಕಿ ನೋಡಿದ್ದೂ ಆಯ್ತು. ವಿಂಡೋಸ್ ದಾಖಲೆ ಬರೆದಿಡುವ ಈವೆಂಟ್ ವ್ಯೂವರ್‌ನಲ್ಲಿ ಕರ್ನಲ್ ಪವರ್ 41 ಎಂದು ಬರುತ್ತದೆ. ಕಾರ್ಡ್ ಹಾಕಿದರೆ ಸರಿ ಹೋಗಬಹುದಾ?

ಕುಶಾಲನಗರದಿಂದ:
ಬಿಸಿ ಎಷ್ಟಾಗುತ್ತಿದೆ ನೋಡಿದಿರಾ? ಫ್ಯಾನ್‌ನಲ್ಲಿ ಧೂಳು ಕೂತಿರಬಹುದು.

ಪೊನ್ನಂಪೇಟೆ ಹುಡುಗ:
ನೋಡಿದೆ. ಆಡುವಾಗ 72 ಡಿಗ್ರಿ ದಾಟುವುದಿಲ್ಲ.

ಮಡಿಕೇರಿ ಮಳೆ:
ಹಾಗಾದರೆ ಬಿಸಿಯಲ್ಲ. 41 ಅಂದರೆ ಹೇಳದೆ ಕೇಳದೆ ಪಿಸಿ ಆಫ್ ಆಯಿತು ಅಂತಷ್ಟೇ, ಕಾರಣ ಅದಕ್ಕೂ ಗೊತ್ತಿರುವುದಿಲ್ಲ. ಕಾರ್ಡ್ ಮಾತು ಆಮೇಲೆ. ಎರಡು ವಿಷಯ ಹೇಳಿ. ರೀಸ್ಟಾರ್ಟ್ ಆಗುವುದು ಯಾವ ಹೊತ್ತಿಗೆ? ಎಸ್‌ಎಂಪಿಎಸ್ ಲೇಬಲ್‌ನಲ್ಲಿ 12 ವೋಲ್ಟ್ ಕೆಳಗೆ ಎಷ್ಟು ಆಂಪ್ ಅಂತ ಬರೆದಿದೆ? 450 ಅಂತ ದೊಡ್ಡದಾಗಿ ಬರೆದದ್ದನ್ನು ನಂಬಬೇಡಿ.

ಪೊನ್ನಂಪೇಟೆ ಹುಡುಗ:
16 ಆಂಪ್ ಅಂತಿದೆ ಅಣ್ಣ. ಹೊತ್ತು ಈವೆಂಟ್ ವ್ಯೂವರ್‌ನಲ್ಲೇ ಸಿಕ್ಕಿತು: 6.10, 6.05, 6.15. ಎಲ್ಲಾ ಸಂಜೆ ಆರರ ಹತ್ತಿರವೇ! ಅದೇ ಹೊತ್ತಿಗೆ ನಮ್ಮ ಮನೆಯ ಬಲ್ಬ್ ಕೂಡ ಒಮ್ಮೆ ಮಿಣುಕುತ್ತದೆ. ಪಕ್ಕದ ತೋಟದವರು ಮೋಟರ್ ಹಾಕುವ ಹೊತ್ತು ಅದು. ಕಾಫಿಯ ಹೂಮಳೆ ಇನ್ನೂ ಬಂದಿಲ್ಲ ಅಲ್ವಾ, ದಿನಾ ಸ್ಪ್ರಿಂಕ್ಲರ್ ಓಡಿಸುತ್ತಿದ್ದಾರೆ.

ಸೋಮವಾರಪೇಟೆ:
ಕಾಫಿ ಹೂ ಅರಳಲಿ ಮಾರಾಯ, ಆಟ ಆಮೇಲೆ ಆಡಿದರಾಯ್ತು 😄

ಮಡಿಕೇರಿ ಮಳೆ:
ಸಿಕ್ಕಿತಲ್ಲ ಕಳ್ಳ. ದೊಡ್ಡ ಮೋಟರ್ ಸ್ಟಾರ್ಟ್ ಆಗುವಾಗ ಓಡುವಾಗಿನ ಐದಾರು ಪಟ್ಟು ಕರೆಂಟು ಎಳೆಯುತ್ತದೆ. ನಿಮ್ಮದೂ ಅದೇ ಟಿಸಿ (ಟ್ರಾನ್ಸ್‌ಫಾರ್ಮರ್) ಆದರೆ ವೋಲ್ಟೇಜು ಕ್ಷಣ ಹೊತ್ತು ಕುಸಿಯುತ್ತದೆ. ಒಳ್ಳೆಯ ಎಸ್‌ಎಂಪಿಎಸ್ ಅದರೊಳಗಿನ ಕೆಪಾಸಿಟರ್ ಬಲದಲ್ಲಿ ಅಷ್ಟನ್ನು ತಡೆದುಕೊಳ್ಳುತ್ತದೆ. ಪುಕ್ಕಟೆ ಬಂದದ್ದು ಲೋಡ್ ಕಡಿಮೆ ಇದ್ದಾಗ ಹೇಗೋ ದಾಟಿಸುತ್ತದೆ, ಆಟ ಓಡುತ್ತಿದ್ದರೆ ಕೈ ಬಿಡುತ್ತದೆ. ಸಿನಿಮಾ ನೋಡುವಾಗ ಏನೂ ಆಗದ್ದು ಅದಕ್ಕೇ.

ಇನ್ನು ಲೆಕ್ಕ. 12 ವೋಲ್ಟ್, 16 ಆಂಪ್: 192 ವ್ಯಾಟ್. ಆರ್‌ಎಕ್ಸ್ 6600ಗೆ 132 ವ್ಯಾಟ್ ಬೇಕು. 5600ಜಿ ಲೇಬಲ್ 65 ಅಂದರೂ 88ರವರೆಗೆ ಎಳೆಯುತ್ತದೆ. ಅಲ್ಲಿಗೇ 220 ಆಯ್ತು. ಈ ಡಬ್ಬದ ಮೇಲೆ ಕಾರ್ಡ್ ಹಾಕಬೇಡಿ. ಹಳೆಯ ಹಾರ್ಡ್‌ಡಿಸ್ಕ್ ಪಿನ್ನಿನಿಂದ ಕಾರ್ಡಿನ ಎಂಟು ಪಿನ್ ಮಾಡುವ ಕನ್ವರ್ಟರ್ ಕೊಡುತ್ತೇವೆ ಎಂದರೆ ಅಂಗಡಿಯಿಂದ ಎದ್ದು ಬನ್ನಿ.

6500 ಎಕ್ಸ್‌ಟಿ ನಿಮಗಂತೂ ಬೇಡ. 4 ಜಿಬಿ ಮೆಮೊರಿ, ಬೋರ್ಡಿನೊಡನೆ ಡೇಟಾ ಓಡಾಡಲು ನಾಲ್ಕೇ ಲೇನ್ (ದಾರಿ). 5600ಜಿ, ಎ520 ಎರಡರ ದಾರಿಯೂ ಹಳೆಯ ಪಿಸಿಐಇ 3.0 ಆದ್ದರಿಂದ ಆ ನಾಲ್ಕು ಲೇನ್‌ಗೂ ಅರ್ಧ ವೇಗ. 6600ಗೆ ಎಂಟು ಲೇನ್, 8 ಜಿಬಿ; ಅಷ್ಟು ಪೆಟ್ಟು ಬೀಳುವುದಿಲ್ಲ. 3050ರಲ್ಲಿ ಎರಡು ಬಗೆ ಇದೆ. 6 ಜಿಬಿಯದು ಬೇರೆಯೇ ಕಾರ್ಡ್, 8 ಜಿಬಿಯದಕ್ಕಿಂತ ನಿಧಾನ. ಬರೀ ಆಟಕ್ಕಾದರೆ 6600 ಎರಡಕ್ಕಿಂತಲೂ ಮುಂದು.

ಆದರೆ ಈಗಲೇ ಬೇಡ. ಮೊದಲು 550 ವ್ಯಾಟ್‌ನ 80 ಪ್ಲಸ್ ಬ್ರಾಂಜ್ (ಕರೆಂಟು ಕಡಿಮೆ ಪೋಲಾಗುವ ದರ್ಜೆ) ಎಸ್‌ಎಂಪಿಎಸ್. ಆಮೇಲೆ ಯುಪಿಎಸ್. 600 ವಿಎ ಅಂದರೆ ಸುಮಾರು 360 ವ್ಯಾಟ್, ನಾಳೆ ಕಾರ್ಡ್ ಬಂದಾಗ ತೀರಾ ಬಿಗಿ. 1000 ವಿಎ ತಗೊಳ್ಳಿ. ಅದರ ಜೊತೆ ಇನ್ನೊಂದು 8 ಜಿಬಿ ಸ್ಟಿಕ್. 5600ಜಿ ಒಳಗಿನ ಗ್ರಾಫಿಕ್ಸ್‌ಗೆ ರ‍್ಯಾಮೇ ಮೆಮೊರಿ. ಒಂಟಿ ಸ್ಟಿಕ್ ಅದನ್ನು ಕಟ್ಟಿಹಾಕಿದೆ.

ಪೊನ್ನಂಪೇಟೆ ಹುಡುಗ:
ಕಾರ್ಡ್ ಕೇಳಲು ಬಂದರೆ ಡಬ್ಬ, ಬ್ಯಾಟರಿ ತಗೋ ಅಂತೀರಲ್ಲ! ಸ್ಟೆಬಿಲೈಸರ್ ಒಂದು ಮನೆಯಲ್ಲಿದೆ, ಅದು ಆಗಲ್ವಾ?

ಮಡಿಕೇರಿ ಮಳೆ:
ಫ್ರಿಜ್‌ಗೆ ಸರಿ. ಅದರ ರಿಲೇ ಟಕ್ಕೆನ್ನುವಷ್ಟರಲ್ಲಿ ನಿಮ್ಮ ಪಿಸಿ ರೀಸ್ಟಾರ್ಟ್ ಆಗಿರುತ್ತದೆ.

ಕುಶಾಲನಗರದಿಂದ:
ಗುಡುಗು ಶುರುವಾದರೆ ಪ್ಲಗ್ ಕೀಳಿ, ಇಂಟರ್‌ನೆಟ್ ವೈರನ್ನೂ. ಹೋದ ವರ್ಷ ನನ್ನ ಬೋರ್ಡ್ ಆ ವೈರಿನಿಂದಲೇ ಹೋಯಿತು.

ಪೊನ್ನಂಪೇಟೆ ಹುಡುಗ (ಒಂಬತ್ತು ದಿನದ ನಂತರ):
ಮೈಸೂರಿನಿಂದ ಮೂರೂ ತರಿಸಿದೆ. ನಿನ್ನೆ ಆರು ಗಂಟೆಗೆ ಬೇಕೆಂದೇ ಆಡುತ್ತಾ ಕೂತೆ. ಬಲ್ಬ್ ಮಿಣುಕಿತು, ಯುಪಿಎಸ್ ಕುಂಯ್ ಎಂದಿತು, ಆಟ ನಿಲ್ಲಲಿಲ್ಲ. ಎರಡನೇ ಸ್ಟಿಕ್ ಹಾಕಿದ ಮೇಲೆ ಜಿಟಿಎ 5 ಕೂಡ ಮೊದಲಿನಷ್ಟು ತಡವರಿಸುವುದಿಲ್ಲ. 6600ಗೆ ಅಪ್ಪ ಕಾಳುಮೆಣಸು ಮಾರಿ ಆಗಲಿ ಎಂದಿದ್ದಾರೆ.