'ಮಾರ್ಚ್' ಅಂದರೆ ಸೀಮೆ ಅನ್ನಬಹುದೇ? ಸ್ಕಾಟ್ಲೆಂಡ್ ಗಡಿಯೂರುಗಳ ಕೆಲವು ಪದಗಳು

ಎಲ್ಲರಿಗೂ ನಮಸ್ಕಾರ.

ತುಂಬಾ ದಿನದ ಮೇಲೆ ಬರೆಯುತ್ತಿದ್ದೇನೆ, ಅದೂ ಕೆಲಸ ಇಟ್ಟುಕೊಂಡೇ. ಮಗಳು ಇಂಗ್ಲೆಂಡಿನ ಕಾರ್ಲೈಲ್‌ನಲ್ಲಿದ್ದಾಳೆ. ಹೋದ ವರ್ಷ ಜೂನ್, ಜುಲೈ ಎರಡು ತಿಂಗಳು ನಾವಿಬ್ಬರೂ ಅಲ್ಲಿದ್ದೆವು. ಅಲ್ಲಿಂದ ಕಾರಿನಲ್ಲಿ ಸ್ವಲ್ಪ ಹೊತ್ತು ಉತ್ತರಕ್ಕೆ ಹೋದರೆ ಸ್ಕಾಟ್ಲೆಂಡ್. ಸುಮ್ನೆ ಊರೂರು ಸುತ್ತಿದೆ, ವಯಸ್ಸಾದವರ ಜೊತೆ ಕೂತು ಹರಟಿದೆ, ಒಂದು ನೋಟ್‌ಬುಕ್ ತುಂಬಿತು. ಈಗ ಅದನ್ನೆಲ್ಲ ಕನ್ನಡದಲ್ಲಿ ಬರೆಯೋಣ ಅಂತ ಕೂತರೆ ಎರಡನೇ ಸಾಲಿಗೇ ಪದ ಸಿಗದೆ ನಿಂತೆ.

ಮೊದಲು ನಿಂತಿದ್ದು 'ಮಾರ್ಚ್' ಹತ್ತಿರ. ಇದು ತಿಂಗಳಲ್ಲ, ಪೊಲೀಸರ ಕವಾಯತೂ ಅಲ್ಲ. ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ನಡುವಿನ ಗಡಿ 1237ರ ಯಾರ್ಕ್ ಒಪ್ಪಂದದಲ್ಲಿ ಗೊತ್ತಾಯಿತು. ಪಶ್ಚಿಮದ ಸಾಲ್ವೇ ಕೊಲ್ಲಿಯಿಂದ ಪೂರ್ವದ ಬೆರಿಕ್ ಊರಿನವರೆಗೆ ಸುಮಾರು 154 ಕಿಲೋಮೀಟರ್. ಆಮೇಲೆ ಗಡಿಯ ಆ ಕಡೆ ಮೂರು, ಈ ಕಡೆ ಮೂರು ಭಾಗ ಮಾಡಿದರು. ಒಂದೊಂದೂ ಒಂದು 'ಮಾರ್ಚ್'. ಒಂದೊಂದಕ್ಕೂ ಒಬ್ಬ ವಾರ್ಡನ್. ಪದ ಇಂಗ್ಲಿಷಿಗೆ ಬಂದದ್ದು ಹಳೆ ಫ್ರೆಂಚಿನಿಂದ, ಅದರ ಬೇರು ಜರ್ಮ್ಯಾನಿಕ್ ಭಾಷೆಯದು. ಗುರುತು ಎಂಬ ಅರ್ಥದ 'ಮಾರ್ಕ್' ಇದರ ನೆಂಟ. ಮೊದಲು ಎಲ್ಲೆ ಎಂಬ ಅರ್ಥ ಇತ್ತು. ಆಮೇಲೆ ಎಲ್ಲೆಯ ಪಕ್ಕದ ನೆಲಕ್ಕೂ ಅದೇ ಹೆಸರು ಬಂತು. ವೇಲ್ಸ್ ಗಡಿಯ ಊರುಗಳನ್ನು ಇವತ್ತಿಗೂ 'ಮಾರ್ಚಸ್' ಅಂತಲೇ ಕರೆಯುತ್ತಾರೆ.

ಮೊದಲು 'ಗಡಿನಾಡು' ಅಂತ ಬರೆದೆ. ಓದಿದರೆ ಕಾಸರಗೋಡು, ಬೆಳಗಾವಿ ಕಣ್ಣಮುಂದೆ ಬಂತು. ಆ ಪದಕ್ಕೆ ನಮ್ಮದೇ ಗಡಿ ಜಗಳ ಅಂಟಿಕೊಂಡಿದೆ. 'ಸರಹದ್ದು' ಅಂದರೆ ಬರೀ ಗೆರೆ, ನೆಲ ಬರುವುದಿಲ್ಲ. ಆಗ ಹೊಳೆದದ್ದು 'ಸೀಮೆ'. ನೋಡಿ, ಇದು ಮಾರ್ಚ್ ನಡೆದ ದಾರಿಯಲ್ಲೇ ನಡೆದಿದೆ. ಸೀಮೋಲ್ಲಂಘನದಲ್ಲಿ ಸೀಮೆ ಅಂದರೆ ಎಲ್ಲೆ. ಬಯಲುಸೀಮೆಯಲ್ಲಿ ನಾಡು. ವಿಜಯನಗರದ ಕಾಲಕ್ಕಂತೂ ಅದು ಆಡಳಿತದ ಒಂದು ವಿಭಾಗವೇ ಆಗಿತ್ತು. ಹಾಗಾಗಿ ಪಡುಸೀಮೆ, ನಡುಸೀಮೆ, ಮೂಡುಸೀಮೆ. ಕಿವಿಗೂ ಹಿತವಾಗಿದೆ. ಒಂದೇ ಭಯ ಅಂದರೆ ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಹಸು. ಅಲ್ಲೆಲ್ಲ ಸೀಮೆ ಅಂದರೆ ವಿಲಾಯತಿ. ಇದು ವಿಲಾಯತಿಯ ಬರಹವೇ ಆದ್ದರಿಂದ ಓದುಗರು ಗೊಂದಲ ಮಾಡಿಕೊಳ್ಳಬಹುದಾ? ವಾರ್ಡನ್‌ಗೆ ಏನು ಹೇಳಲಿ? ಹಾಗೇ ಬಿಟ್ಟರೆ ಕನ್ನಡದ ಓದುಗನಿಗೆ ಹಾಸ್ಟೆಲ್ ನೆನಪಾಗುತ್ತದೆ, ರಾತ್ರಿ ಎಂಟಕ್ಕೆ ಗೇಟ್ ಹಾಕುವವನು. 'ಸೀಮೆಗಾವಲ' ಅಂತ ಕಟ್ಟಿದ್ದೇನೆ. ಒಪ್ಪದಿದ್ದರೆ ಬೈಯಿರಿ.

ಎರಡನೆಯದು 'ಕಾಮನ್ ರೈಡಿಂಗ್'. ಜುಲೈ ಕೊನೆಯ ಶುಕ್ರವಾರ ಲ್ಯಾಂಗಮ್ ಊರಿನಲ್ಲಿ ಇದನ್ನು ಕಣ್ಣಾರೆ ನೋಡಿದೆ. ಕಾಮನ್ ಅಂದರೆ ಊರಿಗೆಲ್ಲ ಸೇರಿದ ನೆಲ. ದನ ಕುರಿ ಮೇಯಿಸಲು, ಒಲೆಗೆ ಪೀಟ್ ಕಡಿಯಲು. ಪೀಟ್ ಅಂದರೆ ಜೌಗಿನಿಂದ ಕಡಿದು ಒಣಗಿಸುವ ಸಸ್ಯಮಣ್ಣು, ಅಲ್ಲಿನ ಸೌದೆ ಅನ್ನಿ. ಪಕ್ಕದ ಜಮೀನುದಾರ ಎಲ್ಲಿ ಒತ್ತುವರಿ ಮಾಡಿದ್ದಾನೋ ಅಂತ ವರ್ಷಕ್ಕೊಮ್ಮೆ ಎಲ್ಲೆ ಸುತ್ತಿ ನೋಡಿಕೊಂಡು ಬರುವುದು ಕಾಮನ್ ರೈಡಿಂಗ್. ಲ್ಯಾಂಗಮ್‌ನವರ ಎಲ್ಲೆ 1759ರ ಕೋರ್ಟ್ ತೀರ್ಪಿನಿಂದ ಬಂದದ್ದು. ಮೊದಮೊದಲು ಊರಿನ ಡಂಗುರದವನು ನಡೆದೇ ಸುತ್ತು ಹಾಕುತ್ತಿದ್ದ. ಕುದುರೆ ಬಂದದ್ದು ಆಮೇಲೆ. ಈಗ ಕುದುರೆಗಳ ದೊಡ್ಡ ದಂಡೇ ಗುಡ್ಡ ಹತ್ತುತ್ತದೆ. ಮೆರವಣಿಗೆಯಲ್ಲಿ ಉದ್ದ ಕೋಲಿನ ಮೇಲೆ ಒಂದು ಭಾರಿ ಮುಳ್ಳುಗಿಡ, ಹುಲ್ಲುಹೆಂಟೆ ಕಡಿಯುವ ಸಲಿಕೆ, ಹೂವಿನ ಕಿರೀಟ. ಅದರ ಜೊತೆ ಒಂದು ಬಾರ್ಲಿ ರೊಟ್ಟಿ. ಅದರ ಮೇಲೆ ಮೊಳೆ ಹೊಡೆದ ಒಂದು ಉಪ್ಪುಮೀನು! ನನ್ನ ಹೆಂಡತಿ, "ರೀ, ಮೀನಿಗೆ ಯಾಕೆ ಮೊಳೆ?" ಅಂತ ಕೇಳಿದಳು. ಪಕ್ಕದಲ್ಲಿ ನಿಂತ ಅಜ್ಜನನ್ನು ಕೇಳಿದೆ. "ಇಲ್ಲಾಂದ್ರೆ ಬೀಳುತ್ತಲ್ಲ" ಅಂದ.

ಕಾಮನ್‌ಗೆ 'ಗೋಮಾಳ' ಅಂದುಬಿಡೋಣ ಅನ್ನಿಸುತ್ತದೆ. ನಮ್ಮ ಗೋಮಾಳ ಸರ್ಕಾರದ ದಾಖಲೆಯಲ್ಲಿರುತ್ತದೆ, ಅವರದು ಊರಿನ ಹಕ್ಕು, ಆ ವ್ಯತ್ಯಾಸ ಗೊತ್ತಿದೆ. ಆದರೂ ಒತ್ತುವರಿಯ ಭಯ ಎರಡಕ್ಕೂ ಒಂದೇ. ಹಬ್ಬಕ್ಕೆ 'ಎಲ್ಲೆ ಸವಾರಿ' ಅನ್ನಲೋ, 'ಗೋಮಾಳ ಸವಾರಿ' ಅನ್ನಲೋ? ಸೀಮೋಲ್ಲಂಘನಕ್ಕೆ ಹೋಲಿಸಬೇಡಿ. ಬನ್ನಿಮರಕ್ಕೆ ಹೋಗುವಾಗ ನಾವು ಎಲ್ಲೆ ದಾಟುತ್ತೇವೆ. ಅವರು ದಾಟುವುದಿಲ್ಲ, ಅಂಚಿನ ಮೇಲೆಯೇ ಸುತ್ತುತ್ತಾರೆ.

ಈಗ ನಿಜವಾದ ತಲೆನೋವು, 'ರೀವರ್'. 1603ರಲ್ಲಿ ಎರಡು ರಾಜ್ಯಕ್ಕೂ ಒಬ್ಬನೇ ರಾಜ ಆಗುವವರೆಗೆ ಸುಮಾರು ಮುನ್ನೂರು ವರ್ಷ ಈ ಗಡಿಯಲ್ಲಿ ಇವರದೇ ಕಾರುಬಾರು. ಆರ್ಮ್‌ಸ್ಟ್ರಾಂಗ್, ಎಲಿಯಟ್, ಗ್ರೇಯಮ್, ನಿಕ್ಸನ್, ಹೀಗೆ ಮನೆತನಗಳು. ಚಳಿಗಾಲದ ಉದ್ದ ರಾತ್ರಿಗಳಲ್ಲಿ ಕುದುರೆ ಹತ್ತಿ ಆಚೆ ಕಣಿವೆಯ ದನ ಹೊಡೆದುಕೊಂಡು ಬರುವುದು. ಗಡಿ ಆಚೆಯವರದೇ ಆಗಬೇಕು ಅಂತೇನೂ ಇಲ್ಲ, ಪಕ್ಕದೂರಿನದಾದರೂ ಆಯಿತು. (ಚಂದ್ರನ ಮೇಲೆ ಕಾಲಿಟ್ಟ ನೀಲ್ ಆರ್ಮ್‌ಸ್ಟ್ರಾಂಗ್ 1972ರಲ್ಲಿ ಲ್ಯಾಂಗಮ್‌ಗೆ ಬಂದಾಗ ಊರಿನವರು ನಮ್ಮ ಮನೆ ಹುಡುಗ ಅಂತ ಗೌರವ ಪೌರತ್ವ ಕೊಟ್ಟರು. ದನ ಕದ್ದ ಮನೆತನ ಅಂತ ಯಾರಿಗೂ ಮುಜುಗರ ಇಲ್ಲ, ಹೆಮ್ಮೆಯೇ.)

ಹಾಗಾಗಿ 'ಕಳ್ಳ' ಅನ್ನಲು ಮನಸ್ಸಿಲ್ಲ. ಕಳ್ಳತನ ಕದ್ದುಮುಚ್ಚಿ ಆಗುವಂಥದ್ದು. ಇವರು ಭರ್ಜಿ ಹಿಡಿದು ಗುಂಪಾಗಿ ಬರುತ್ತಿದ್ದರು. 'ದರೋಡೆಕೋರ' ಅಂದರೆ ಪೇಪರಿನ ಸುದ್ದಿ. ಆಗ ನಮ್ಮ ವೀರಗಲ್ಲುಗಳು ನೆನಪಾದವು. 'ತುರುಗೋಳ್' ಅಂತ ಎಂಥ ಪದ! ತುರು ಅಂದರೆ ದನ, ಕೊಳ್ ಅಂದರೆ ತೆಗೆದುಕೊಳ್ಳುವುದು. ದನ ಹಿಡಿದು ಒಯ್ಯುವುದು, ಅದಕ್ಕಾಗಿ ನಡೆಯುವ ಕಾಳಗ. ದನ ಮರಳಿಸಿ ಸತ್ತವನಿಗೆ 'ತುರುವಂ ಮಗುಳ್ಚಿ' ಅಂತ ಕಲ್ಲು ನಿಲ್ಲಿಸುತ್ತಿದ್ದರು. ಇಂಗ್ಲಿಷಿನ 'ರೀವ್' ಕೂಡ ಕಸಿದುಕೊಳ್ಳು ಎಂಬ ಅರ್ಥದ್ದೇ. ಮನೆಯವರನ್ನು ಕಳೆದುಕೊಂಡವರಿಗೆ ಹೇಳುವ 'ಬಿರೀವ್ಡ್' ಅದೇ ಬೇರಿನದು. ಸಾವು ಬಂದು ಕಸಿದುಕೊಂಡಿತು ಅಂತ.

ಅಂದರೆ ಕ್ರಿಯೆಗೆ ನಮ್ಮಲ್ಲಿ ಪದ ಇದೆ. ಮಾಡುವವನಿಗೆ? 'ತುರುಗೋಳಿಗ' ಅಂತ ಮಾಡಿದೆ. ಮನೆಯಲ್ಲಿ ಗಟ್ಟಿಯಾಗಿ ಓದಿದರೆ, "ಅದ್ಯಾವ ಕೋಳಿ ರೀ?" ಅಂದಳು. ಅಲ್ಲಿಗೆ ಅದು ಮುಗಿಯಿತು. ತುರುಗಾಹಿ ಅಂತ ದನ ಕಾಯುವವನಿಗೆ ಹೆಸರಿದೆ, ವಚನಕಾರ ತುರುಗಾಹಿ ರಾಮಣ್ಣನೇ ಇದ್ದಾನೆ. ಒಯ್ಯುವವನಿಗೆ ಶಾಸನದಲ್ಲೋ ಕಾವ್ಯದಲ್ಲೋ ಒಂದು ಪದ ಇರಬೇಕಲ್ವಾ? ಹಳೆಗನ್ನಡ ಬಲ್ಲವರು ದಯವಿಟ್ಟು ಹೇಳಿ. ಇದೇ ನನ್ನ ಮುಖ್ಯ ಪ್ರಶ್ನೆ.

ಇದರ ಜೊತೆಗೇ ಬರುವುದು 'ಹಾಟ್ ಟ್ರಾಡ್'. ದನ ಹೋದವನು ಆರು ದಿನದೊಳಗೆ ಜನ ಕಟ್ಟಿಕೊಂಡು ಬೆನ್ನು ಹತ್ತಬಹುದು, ಗಡಿಯನ್ನೂ ದಾಟಬಹುದು. ಗಡಿ ಕಾನೂನೇ ಒಪ್ಪಿದ ಹಕ್ಕು ಅದು. ಆದರೆ ಬಚ್ಚಿಟ್ಟುಕೊಂಡು ಹೋಗುವ ಹಾಗಿಲ್ಲ. ಭರ್ಜಿಯ ತುದಿಗೆ ಉರಿಯುವ ಹುಲ್ಲುಹೆಂಟೆ ಚುಚ್ಚಿಕೊಂಡು ಹೋಗಬೇಕು. ನೋಡಿದವರಿಗೆ ಇದು ದಾಳಿ ಅಲ್ಲ, ಬೆನ್ನಟ್ಟುವಿಕೆ ಅಂತ ಗೊತ್ತಾಗಲಿ ಅಂತ. ಟ್ರಾಡ್ ಅಂದರೆ ಹೆಜ್ಜೆಯ ಜಾಡು. 'ಬಿಸಿ ಜಾಡು' ಅಂತ ಬರೆದೆ, ನಾಲಿಗೆಗೆ ಒಗ್ಗಲಿಲ್ಲ. ನಮ್ಮಲ್ಲಿ ಹೊಸದು ಬಿಸಿಯಾಗಿರುವುದಿಲ್ಲ, ಹಸಿಯಾಗಿರುತ್ತದೆ. ಹಸಿ ಗಾಯ, ಹಸಿ ಬಾಣಂತಿ. ಹಾಗಾದರೆ 'ಹಸಿಜಾಡು'! ತಡವಾಗಿ ಹೊರಟರೆ ಅವರದು ಕೋಲ್ಡ್ ಟ್ರಾಡ್, ನಮ್ಮದು 'ಒಣಜಾಡು'. ಇದರ ಬಗ್ಗೆ ನನಗೆ ನಾನೇ ಬೆನ್ನು ತಟ್ಟಿಕೊಂಡಿದ್ದೇನೆ.

'ಬ್ಲ್ಯಾಕ್‌ಮೇಲ್' ಹುಟ್ಟಿದ್ದು ಈ ಕಡೆಯೇ ಅಂತ ಎಷ್ಟು ಜನಕ್ಕೆ ಗೊತ್ತೋ. ಇಲ್ಲಿ ಮೇಲ್ ಅಂದರೆ ಅಂಚೆ ಅಲ್ಲ, ಗೇಣಿ. ಜಮೀನುದಾರನಿಗೆ ಕೊಡುವುದು ಒಂದು ಗೇಣಿ. ನಮ್ಮ ದನ ಮುಟ್ಟಬೇಡಿ ಅಂತ ರೀವರ್‌ಗೆ ಕೊಡುವುದು ಕರಿ ಗೇಣಿ. 1601ರಲ್ಲಿ ಎಲಿಜಬೆತ್ ರಾಣಿಯ ಕಾಲದ ಕಾನೂನು ಇದನ್ನು ಕೊಡುವುದೂ ತಪ್ಪು, ತೆಗೆದುಕೊಳ್ಳುವುದೂ ತಪ್ಪು ಅಂದಿತು. ಗುಟ್ಟು ಬಯಲು ಮಾಡುತ್ತೇನೆ ಅಂತ ಹೆದರಿಸುವ ಈಗಿನ ಅರ್ಥ ಬಹಳ ಆಮೇಲೆ ಬಂದದ್ದು. 'ಹಫ್ತಾ' ಅಂದರೆ ಅರ್ಥ ಸರಿ, ಆದರೆ ಮುಂಬೈ ಸಿನಿಮಾ ಶುರುವಾಗುತ್ತದೆ. 'ಕರಿಗೇಣಿ' ಪದಕ್ಕೆ ಪದ ಇಟ್ಟಂತಿದೆ. ಇನ್ನೊಂದು ತುಂಟ ಯೋಚನೆಯೂ ಇದೆ, 'ಕಪ್ಪು ಕಪ್ಪ'. ಕಪ್ಪಕಾಣಿಕೆಯ ಕಪ್ಪ. ಸುಮ್ನೆ ತಮಾಷೆಗೆ ಹೇಳಿದೆ, ಆದರೂ ಬಿಡಲು ಮನಸ್ಸಾಗುತ್ತಿಲ್ಲ.

'ಡಿಬೇಟಬಲ್ ಲ್ಯಾಂಡ್' ಸುಲಭವಾಯಿತು. ಎಸ್ಕ್ ಮತ್ತು ಸಾರ್ಕ್ ನದಿಗಳ ನಡುವಿನ ನೆಲ, ಎರಡು ರಾಜ್ಯಕ್ಕೂ ಸೇರದ್ದು. ಹಗಲು ದನ ಮೇಯಿಸಬಹುದು, ಮನೆ ಕಟ್ಟುವ ಹಾಗಿಲ್ಲ. 1552ರಲ್ಲಿ ಫ್ರೆಂಚ್ ರಾಯಭಾರಿಯನ್ನು ನಡುವೆ ಕೂರಿಸಿಕೊಂಡು ಪಾಲು ಮಾಡಿದರು. ಎರಡು ಕಾಲುವೆ ತೋಡಿ, ಮಣ್ಣನ್ನು ನಡುವೆ ಒಟ್ಟಿ ಒಂದು ಬದು ಹಾಕಿದರು. ನಮ್ಮ ತಾಲ್ಲೂಕು ಕಚೇರಿಯ ಭಾಷೆಯಲ್ಲಿ ಇದು 'ತಕರಾರು ಜಮೀನು', ಬೇರೆ ಪದವೇ ಬೇಡ. ಕಲ್ಲಿನ 'ಪೀಲ್' ಗೋಪುರಕ್ಕೆ ಉತ್ತರ ಕರ್ನಾಟಕದ 'ಹುಡೇವು' ಇಟ್ಟಿದ್ದೇನೆ. ಕೆಳಗೆ ದನ, ಮೇಲೆ ಜನ ಇರುವ ದಪ್ಪ ಗೋಡೆಯ 'ಬ್ಯಾಸಲ್' ಮನೆಗೆ ಏನೂ ಸಿಕ್ಕಿಲ್ಲ.

ಕೊನೆಗೆ ಊರ ಹೆಸರು. ಬರೆಯುವುದು ಬರ್ವಿಕ್ ಅನ್ನುವ ಹಾಗೆ, ಅನ್ನುವುದು ಬೆರಿಕ್. ಬಾರ್ಲಿ ಬೆಳೆವ ಹೊಲಮನೆ ಅಂತ ಅರ್ಥ. ಹದಿಮೂರು ಸಲ ಈ ಕಡೆ ಆ ಕಡೆ ಕೈ ಬದಲಾಯಿಸಿ 1482ರಿಂದ ಇಂಗ್ಲೆಂಡಿನಲ್ಲಿದೆ. ಫುಟ್‌ಬಾಲ್ ಮಾತ್ರ ಈಗಲೂ ಸ್ಕಾಟ್ಲೆಂಡ್ ಕಡೆ ಆಡುತ್ತದೆ. ಹಾಗೆಯೇ ಆಲ್ನ್‌ವಿಕ್ ಅಂತ ಬರೆದು ಆನಿಕ್ ಅನ್ನುತ್ತಾರೆ. ಹಾವಿಕ್ ಅಂತ ಬರೆದದ್ದನ್ನು ಹಾಯ್ಕ್ ಅನ್ನುತ್ತಾರೆ. ನಾನು ಒಮ್ಮೆ ಬಸ್ಸಿನಲ್ಲಿ "ಹಾವಿಕ್‌ಗೆ ಎರಡು ಟಿಕೆಟ್" ಅಂದೆ. ಡ್ರೈವರ್ ನಗದೆ ಟಿಕೆಟ್ ಕೊಟ್ಟ, ಹಿಂದಿನ ಸೀಟಿನವರು ನಕ್ಕರು. ಹಾಯ್ಕ್ ಅಂತ ಬರೆದರೆ ನಮ್ಮವರಿಗೆ ಭೂಪಟದಲ್ಲಿ ಆ ಊರು ಸಿಗುವುದಿಲ್ಲ. ಹಾವಿಕ್ ಅಂತ ಬರೆದರೆ ಆ ಹಿಂದಿನ ಸೀಟಿನವರು ನೆನಪಾಗುತ್ತಾರೆ. ನೀವಾಗಿದ್ದರೆ ಯಾವುದನ್ನು ಬರೆಯುತ್ತಿದ್ದಿರಿ?