ಶೆಡ್‌ನಲ್ಲಿ ಮೇವಿನ ಮಷಿನ್ ಹಾಕಿದರೆ ಮನೆಯ ಆರ್‌ಸಿಸಿಬಿ ಟ್ರಿಪ್

ಎರೆಹೊಲ: ನಮ್ಮದು ಸಿಂಧನೂರು ಹತ್ತಿರದ ಹಳ್ಳಿ. ಮನೆಯಿಂದ 40 ಮೀಟರ್ ದೂರ ಎಮ್ಮೆ ಶೆಡ್ ಇದೆ. ಅಲ್ಲಿಗೆ ಎರಡೆಳೆ ಕೇಬಲ್ ಎಳೆದು ಚಿಕ್ಕ ಡಿಬಿ ಬಾಕ್ಸ್ (ಲೈನ್ ಹಂಚುವ ಪೆಟ್ಟಿಗೆ) ಹಾಕಿಸಿದ್ದೇವೆ. ಅರ್ಥಿಂಗ್‌ಗೆ ಶೆಡ್ ಪಕ್ಕದಲ್ಲೇ ರಾಡ್ ಹೊಡೆದಿದೆ. ಹೋದ ವಾರ ಮನೆಯ ಮೇನ್‌ಗೆ 30 ಮಿಲಿಆಂಪ್ ಆರ್‌ಸಿಸಿಬಿ ಹಾಕಿಸಿದೆ, ಹೋದ ಕರೆಂಟ್ ಪೂರ್ತಿ ವಾಪಸ್ ಬರದಿದ್ದರೆ ಲೈನ್ ಕಡಿಯುವ ಸ್ವಿಚ್. ಶೆಡ್‌ನ ಬಲ್ಬ್ ಹಾಕಿದರೆ ಏನೂ ಇಲ್ಲ. ಒಂದು ಎಚ್‌ಪಿ ಮೇವಿನ ಮಷಿನ್ ಹಾಕಿದರೆ ಟಪ್ ಅಂತ ಬೀಳುತ್ತೆ. ಮೋಟರ್ ಸುಟ್ಟಿದೆಯಾ? ಇನ್ನೊಂದು ಮಾತು. ಮೊದಲಿನಿಂದಲೂ ಮಷಿನ್ ಓಡುವಾಗ ಎಮ್ಮೆ ಕಬ್ಬಿಣದ ತೊಟ್ಟಿಗೆ ಮೂತಿ ಇಟ್ಟು ತಟ್ಟನೆ ಹಿಂದೆ ಸರಿಯುತ್ತಿತ್ತು.

ಹಳೇಫ್ಯೂಸ್: ಅಣ್ಣ, ಮೋಟರ್ ಬಿಚ್ಚಬೇಡಿ. ಎಮ್ಮೆ ಆಗಲೇ ಹೇಳಿದೆ! ಶೆಡ್ ಬಾಕ್ಸ್‌ನಲ್ಲಿ ನ್ಯೂಟ್ರಲ್‌ಗೂ ಅರ್ಥ್‌ಗೂ ಸೇರಿಸಿರಬೇಕು. ಮೇನ್ ಆಫ್ ಮಾಡಿ, ಶೆಡ್‌ನ ಪ್ಲಗ್ ಎಲ್ಲ ತೆಗೆದು, ಮನೆಯಿಂದ ಬರುವ ನ್ಯೂಟ್ರಲ್ ಬಿಚ್ಚಿ. ಆಮೇಲೆ ಬಾಕ್ಸ್‌ನಲ್ಲಿ ನ್ಯೂಟ್ರಲ್ ತಂತಿಗಳು, ಅರ್ಥ್ ತಂತಿಗಳು ಬೇರೆಬೇರೆಯಾಗಿ ಸೇರುವ ಎರಡು ಲೋಹದ ಬಾರ್‌ಗಳ ನಡುವೆ ಮಲ್ಟಿಮೀಟರ್ ಹಿಡಿಯಿರಿ. ಬೀಪ್ ಬಂದರೆ ಸೇರಿದೆ ಅಂತಲೇ ಅರ್ಥ.

ಎರೆಹೊಲ: ಬೀಪ್ ಬಂತು. ಬಾರ್ ಹಿಂದೆ ಗೇಣುದ್ದದ ಕಪ್ಪು ತಂತಿ ಇದೆ. ತೊಟ್ಟಿಗೂ ಅದೇ ಅರ್ಥ್ ಕಟ್ಟಿದ್ದಾರೆ. ಇದರಿಂದ ಏನಾಗುತ್ತೆ?

ಹಳೇಫ್ಯೂಸ್: ಮಷಿನ್ ಆರೇಳು ಆಂಪ್ ಎಳೆಯುತ್ತೆ. ಉದ್ದದ ನ್ಯೂಟ್ರಲ್‌ನಲ್ಲಿ ಒಂದೆರಡು ವೋಲ್ಟ್ ಬೀಳುತ್ತೆ. ಅದೇ ವೋಲ್ಟ್ ತೊಟ್ಟಿಗೂ ಬರುತ್ತೆ. ನಮಗೆ ಗೊತ್ತೇ ಆಗಲ್ಲ, ಒದ್ದೆ ನೆಲದಲ್ಲಿ ನಿಂತ ದನಕ್ಕೆ ಗೊತ್ತಾಗುತ್ತೆ. ಸ್ವಲ್ಪ ಕರೆಂಟ್ ರಾಡ್ ಮೂಲಕ ಮಣ್ಣಿಗೂ ಹೋಗುತ್ತೆ. ಅದು ನ್ಯೂಟ್ರಲ್‌ನಲ್ಲಿ ವಾಪಸ್ ಬರಲ್ಲ, 30 ಮಿಲಿಆಂಪ್ ಹತ್ತಿರ ಬಂದರೆ ಆರ್‌ಸಿಸಿಬಿ ಬೀಳುತ್ತೆ. ಬಲ್ಬ್ ಎಳೆಯುವುದು ತೀರಾ ಕಡಿಮೆ, ಅದಕ್ಕೇ ಸುಮ್ನಿತ್ತು. ನಿಜವಾದ ಭಯ ಬೇರೆ. ಎಲ್ಲಾದರೂ ಆ ನ್ಯೂಟ್ರಲ್ ಕಡಿದರೆ ಮಷಿನ್ ಬಾಡಿಗೆ, ತೊಟ್ಟಿಗೆ ಪೂರ್ತಿ ಕರೆಂಟ್ ಬರಬಹುದು. ಆ ಕಪ್ಪು ತಂತಿ ಕಿತ್ತುಹಾಕಿ. ನ್ಯೂಟ್ರಲ್ ಬಾರ್ ಬಾಕ್ಸ್ ತಗಡಿಗೂ ತಾಗಬಾರದು.

ಎರೆಹೊಲ: ಹಾಗಾದ್ರೆ ರಾಡ್ ಒಂದೇ ಸಾಕಲ್ವಾ?

ಹಳೇಫ್ಯೂಸ್: ಸಾಲದು. ರಾಡ್‌ನಿಂದ ಮಣ್ಣಿಗೆ ಹೋಗುವ ಕರೆಂಟ್‌ಗೆ ತಡೆ 20 ಓಮ್ ಇದ್ದರೆ ಶಾರ್ಟ್ ಆದಾಗ 230 ವೋಲ್ಟ್‌ಗೆ ಹರಿಯುವುದು ಹನ್ನೊಂದೂವರೆ ಆಂಪ್. ನಿಮ್ಮ 16 ಆಂಪ್ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ಬೀಳುವ ಸ್ವಿಚ್) ಅಲುಗುವುದೂ ಇಲ್ಲ. ನಮ್ಮ ಎರೆಮಣ್ಣು ಬೇಸಿಗೆಯಲ್ಲಿ ಬಿರುಕು ಬಿಟ್ಟರೆ ಓಮ್ ಇನ್ನೂ ಜಾಸ್ತಿ. ಮನೆಯ ಅರ್ಥ್ ಬಾರ್‌ನಿಂದ ಶೆಡ್‌ಗೆ ಮೂರನೇ ತಂತಿ ಎಳೆಸಿ. ರಾಡ್ ಜೊತೆಗಿರಲಿ. ಆರ್‌ಸಿಸಿಬಿ ಮಾತ್ರ ತೆಗೆಯಬೇಡಿ. ಕೆಲಸ ಲೈಸೆನ್ಸ್ ಇರುವವರಿಂದಲೇ ಆಗಲಿ.

ಎರೆಹೊಲ: ಕಪ್ಪು ತಂತಿ ಕಿತ್ತೆ, ನಿನ್ನೆ ಅರ್ಥ್‌ಗೆ ಹಸಿರು ತಂತಿ ಎಳೆದುಕೊಟ್ಟರು. ಅರ್ಧ ಗಂಟೆ ಮಷಿನ್ ಓಡಿಸಿದೆ, ಆರ್‌ಸಿಸಿಬಿ ಬೀಳಲಿಲ್ಲ. ಟೆಸ್ಟ್ ಬಟನ್ ಒತ್ತಿದರೆ ಬೀಳುತ್ತೆ. ಮಷಿನ್ ಓಡುವಾಗಲೇ ಎಮ್ಮೆ ಅರ್ಧ ತೊಟ್ಟಿ ಖಾಲಿ ಮಾಡಿತು.