ಅಪ್‌ಡೇಟ್: ರಾತ್ರಿ ಮಾರ್ಬಲ್ ಕಟಿಂಗ್ ಗಲಾಟೆ ನಿಂತಿತು

ಹೋದ ವಾರ ಕೇಳಿದ್ದೆನಲ್ಲ, ಬೆಂಗಳೂರಿನ ನಮ್ಮ ಪಕ್ಕದ ಸೈಟಿನಲ್ಲಿ ರಾತ್ರಿ 11ಕ್ಕೆ ಮಾರ್ಬಲ್ ಕಟಿಂಗ್ ಶುರುವಾದರೆ ಒಂದೂವರೆವರೆಗೂ ಕಿವಿ ಕೊರೆಯುತ್ತದೆ, ಏನು ಮಾಡೋದು ಅಂತ. ಈಗ ನಾಲ್ಕು ದಿನದಿಂದ ನಿದ್ದೆ ಬರ್ತಿದೆ!

ಮೊದಲು ಮೇಸ್ತ್ರಿ ಹತ್ರ ಮಾತಾಡಿ ಅಂದಿದ್ರಿ. ಮಾತಾಡಿದೆ. "ಆಯ್ತು ಸಾರ್" ಅಂದ, ರಾತ್ರಿ ಮತ್ತೆ ಅದೇ ಕಥೆ. ಮೊಬೈಲ್ ಆ್ಯಪಿನಲ್ಲಿ ಡೆಸಿಬಲ್ ಅಳೆದದ್ದೂ ದಂಡ, ಒಂದೊಂದು ಫೋನು ಒಂದೊಂದು ಲೆಕ್ಕ ಹೇಳ್ತು. 112ಕ್ಕೆ ಫೋನ್ ಮಾಡಿದಾಗ ಹೊಯ್ಸಳ (ಪೊಲೀಸ್ ಗಸ್ತು ಗಾಡಿ) ಬಂತು, ಮೆಷಿನ್ ನಿಂತಿತು; ಆದರೆ ಮಾರನೇ ರಾತ್ರಿ ಮತ್ತೆ ಶುರು.

ಕೆಲಸ ಮಾಡಿದ್ದು "ನಿಯಮದ ನಂಬರ್ ಹಾಕಿ ಬರೆದು ಕೊಡಿ" ಅಂದವರ ಸಲಹೆ. ಅವರಿಗೆ ಒಂದು ಫಿಲ್ಟರ್ ಕಾಫಿ ಬಾಕಿ. 2000ದ ಶಬ್ದಮಾಲಿನ್ಯ ನಿಯಮಗಳಲ್ಲಿ 5ಎ ಅಂತ ಒಂದಿದೆ: ವಸತಿ ಪ್ರದೇಶದಲ್ಲಿ ರಾತ್ರಿ ಸದ್ದು ಮಾಡುವ ಕಟ್ಟಡ ಯಂತ್ರ ಓಡಿಸುವಂತೆಯೇ ಇಲ್ಲ. ರಾತ್ರಿ ಅಂದ್ರೆ 10ರಿಂದ ಬೆಳಗ್ಗೆ 6. ನಾನು ಲೌಡ್‌ಸ್ಪೀಕರಿಗೆ ಮಾತ್ರ ಈ ಹೊತ್ತು ಅಂದ್ಕೊಂಡಿದ್ದೆ. ನಾವು ಆರು ಮನೆಯವರು ಸಹಿ ಹಾಕಿ, ವಿಡಿಯೊ ಸಮೇತ ಠಾಣೆಗೆ ಕೊಟ್ಟು ಸ್ವೀಕೃತಿ ತಗೊಂಡ್ವಿ. ಅದರ ಒಂದು ಜೆರಾಕ್ಸ್ ಸೈಟ್ ಓನರಿಗೂ ಕೊಟ್ವಿ. ಅವತ್ತೇ ರಾತ್ರಿ ನಿಶ್ಶಬ್ದ.

ಈಗ ಬೆಳಗ್ಗೆ ಸರಿಯಾಗಿ 6ಕ್ಕೆ ಕೊಯ್ಯೋಕೆ ಶುರು ಮಾಡ್ತಾರೆ. ಅಲಾರಂ ತೆಗೆದುಬಿಟ್ಟಿದ್ದೀನಿ.